ವರವು ಕಾವಲಿನ ಹುಚ್ಚೆಳ್ಳು

ಬಚ್ಚಲ ನೀರು ಹರಿದು ಹೋಗುವ ಕಡೆ, ಕಲ್ಲುಗೋಡೆಗೆ ಒರಗಿಕೊಂಡು ಹಬ್ಬಿರುವ ಪೊದೆಯನ್ನು ನೀವೆಲ್ಲ ನೋಡಿದ್ದೀರಿ. ಚಿಕ್ಕವರಿದ್ದಾಗ ಅದರ ಹಳದಿ ಹೂ ಕಿತ್ತು ಎಮ್ಮೆಗರುವಿನ ಕೊರಳಿಗೆ ಮಾಲೆ ಕಟ್ಟುತ್ತಿದ್ದಿರಿ. ಅದರ ಹೆಸರು ಕಾವಲ್ ಹುಚ್ಚೆಳ್ಳು ಎಂದು ನಿಮಗೆ ಹೇಳಿಕೊಟ್ಟವಳು ನಾನೇ. ಅದು ತಪ್ಪು. ಆ ತಪ್ಪು ಹೇಗೆ ಗೊತ್ತಾಯಿತು, ಗೊತ್ತಾದ ಮೇಲೆ ಏನಾಯಿತು ಎಂಬುದನ್ನು ಬರೆದಿಡುತ್ತೇನೆ. ಎದುರಿಗೆ ಕೂತು ಹೇಳಲು ನನ್ನಿಂದಾಗುವುದಿಲ್ಲ. ರಾಂಪುರದ ಹತ್ತಿರದ ನಮ್ಮ ತವರೂರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದೆ. ಅಲ್ಲಿಯೂ ಎದ್ದು ನಿಂತು ಉತ್ತರ ಹೇಳಿದವಳಲ್ಲ. ಸ್ಲೇಟಿನ ಮೇಲೆ ಬರೆದು ಮೇಷ್ಟ್ರಿಗೆ ತೋರಿಸುತ್ತಿದ್ದೆ.

ಮೊದಲು ಸಮುದ್ರದ ವಿಷಯ ಹೇಳಬೇಕು.

ನಮ್ಮ ಮದುವೆಯಾದ ವರ್ಷ ಹಗರಿಯಲ್ಲಿ ನೀರು ಬಂದಿತ್ತು. ನಮ್ಮತ್ತೆ ನಮ್ಮಿಬ್ಬರನ್ನೂ ಹೊಳೆಗೆ ಕರೆದುಕೊಂಡು ಹೋಗಿ, ನನ್ನ ಸೆರಗಿನ ತುದಿಗೂ ನಿಮ್ಮಜ್ಜನ ಪಂಚೆಯ ತುದಿಗೂ ಗಂಟು ಹಾಕಿ, ಮೂರು ಸಲ ಮುಳುಗಿಸಿದರು. "ಹೊಸ ನೀರಿಗೆ ಗಂಡ ಹೆಂಡ್ತಿ ಗಂಟು ಹಾಕ್ಕಂಡೇ ಇಳೀಬೇಕು. ಒಬ್ರೇ ಇಳಿದ್ರೆ ಇನ್ನೊಬ್ರ ಪಾಲು ಹೋದಂಗೆ" ಎಂದರು. ಅವರ ಮನೆತನದಲ್ಲಿ ಹಾಗೆ ನಡೆದುಕೊಂಡು ಬಂದಿತ್ತು. ದಡದಲ್ಲಿ ಕೂತು ಒದ್ದೆ ಗಂಟು ಬಿಚ್ಚುವಾಗ, ಅತ್ತೆಗೆ ಕೇಳಿಸದ ಹಾಗೆ ನಿಮ್ಮಜ್ಜ ಹೇಳಿದರು:

"ಇನ್ನು ಸಮುದ್ರ ಒಂದು ಉಳೀತು. ನಾನೂ ನೋಡಿಲ್ಲ, ನೀನೂ ನೋಡಿಲ್ಲ. ಹಿಂಗೇ ಗಂಟು ಹಾಕ್ಕಂಡು ಇಳಿಯಾನ. ಅಲ್ಲೀತಂಕ ನಾನು ನೋಡಲ್ಲ, ನೀನೂ ನೋಡಬ್ಯಾಡ."

ಆಗ ನಾನು ಅವರ ಜೊತೆ ನೆಟ್ಟಗೆ ಮಾತಾಡುವಷ್ಟು ಪಳಗಿರಲಿಲ್ಲ. ಹೂಂ ಎಂದು ತಲೆ ಆಡಿಸಿದೆ. ಗಂಟು ನೀರು ಕುಡಿದು ಬಿಗಿಯಾಗಿತ್ತು. ಅದನ್ನು ಹಲ್ಲಿನಿಂದ ಬಿಚ್ಚಿದೆ.

ಆ ಮಾತನ್ನು ನಾನು ಉಳಿಸಿಕೊಂಡೆ. ನಾದಿನಿಯ ಮನೆಯವರು ವ್ಯಾನು ಮಾಡಿಕೊಂಡು ಕರಾವಳಿಗೆ ಹೊರಟಾಗ ಎರಡು ಸೀಟು ಖಾಲಿ ಇದ್ದವು. ನಿಮ್ಮಜ್ಜ "ಮಗಳ ಮದುವೆ ಒಂದಾಗಲಿ, ಆಮೇಲೆ ಇಬ್ರೇ ಹೋಗಾನ" ಎಂದರು, ನಾನು ಉಳಿದೆ. ಹೆಂಗಸರ ಸಂಘದವರು ಎರಡು ಸಲ ಬಸ್ಸು ಮಾಡಿದರು. ಆಗಲೂ ಹೋಗಲಿಲ್ಲ. ಪಕ್ಕದ ಮನೆಯ ನನ್ನ ಓರಗೆಯವಳು ಬೀದಿ ನಲ್ಲಿಯ ಮುಂದೆ ಎಲ್ಲರಿಗೂ ಕೇಳುವ ಹಾಗೆ ಹಂಗಿಸುತ್ತಿದ್ದಳು: "ಏನಕ್ಕಾ, ಸಮುದ್ರ ಏನು ನಿನಗೆ ಮಾವನಾ, ಮುಖ ತೋರಿಸಾಕೆ ಇಷ್ಟು ನಾಚಿಕೆ?" ನಾನು ನಕ್ಕು ಕೊಡ ಎತ್ತಿಕೊಳ್ಳುತ್ತಿದ್ದೆ. ಒಳಗೊಳಗೇ ಹೆಮ್ಮೆಯೂ ಇತ್ತು. ಬೇರೆಯವರ ಗಂಡಂದಿರು ಇಂಥ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ.

ನಿಮ್ಮಜ್ಜ ಹೋದ ದಿನ, ಅಂಗಳದಲ್ಲಿ ಜನ ತುಂಬಿದ್ದಾಗ, ಎಂದೂ ದನಿ ಎತ್ತದ ನಾನು "ಸಮುದ್ರ ನೋಡದಂಗೇ ಹೋದ್ರಲ್ಲಾ" ಎಂದು ಅತ್ತೆ. ನಿಮ್ಮಲ್ಲಿ ದೊಡ್ಡವರಿಗೆ ಅದು ನೆನಪಿರಬಹುದು. ನನ್ನ ಮಗ ತಲೆ ತಗ್ಗಿಸಿದ. ನಿಮ್ಮಜ್ಜನ ಗೆಳೆಯ, ಲಾರಿ ಸಾಹೇಬರು ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತಿದ್ದರು. ದುಃಖಕ್ಕೆ ಹಾಗೆ ನಿಂತಿದ್ದಾರೆ ಎಂದುಕೊಂಡೆ.

ಇನ್ನು ಗಿಡದ ವಿಷಯ.

ನಮ್ಮದು ಕಂಬಳಿ ನೇಯುವ ಮನೆ ಎಂಬುದು ನಿಮಗೆ ಗೊತ್ತು, ಆದರೆ ಮಗ್ಗ ಓಡುತ್ತಿದ್ದುದನ್ನು ನೀವು ಕಂಡಿಲ್ಲ. ಉಣ್ಣೆ ನೂಲುವುದು, ಹುಣಸೆ ಬೀಜದ ಗಂಜಿ ಕಾಯಿಸಿ ಮಗ್ಗದ ಹಾಸುನೂಲಿಗೆ ಬಳಿಯುವುದು ನನ್ನ ಕೆಲಸ. ನೇಯುವುದು, ಮಾರುವುದು ನಿಮ್ಮಜ್ಜನ ಕೆಲಸ. ಮಳೆಗಾಲಕ್ಕೆ ಮುಂಚೆ ಮಲೆನಾಡಿನವರು ಮಳೆ ತಡೆಯಲು ಮಡಿಸಿ ತಲೆಗೆ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯಲು ನಮ್ಮ ಕಂಬಳಿ ಕೊಳ್ಳುತ್ತಿದ್ದರು. ಹಾಗಾಗಿ ಪ್ರತಿ ವರ್ಷ ಬೇಸಿಗೆಯ ಕೊನೆಗೆ ಚಳ್ಳಕೆರೆಯಿಂದ ಕಡಲೆಕಾಯಿ ಎಣ್ಣೆ ಸಾಗಿಸುವ ಲಾರಿಯಲ್ಲಿ ಕಂಬಳಿ ಹೊರೆ ಹಾಕಿಕೊಂಡು ಹೋಗುತ್ತಿದ್ದರು. ಆ ಲಾರಿ ಓಡಿಸುತ್ತಿದ್ದವರೇ ಸಾಹೇಬರು. ಎಲ್ಲಿಯವರೆಗೆ ಹೋಗಿ ಬಂದಿರಿ ಎಂದು ಕೇಳಿದರೆ "ತೀರ್ಥಹಳ್ಳಿ ಸಂತೆ, ಇನ್ನೆಲ್ಲಿಗೆ" ಎನ್ನುತ್ತಿದ್ದರು.

ಒಂದು ವರ್ಷ ಹಾಗೆ ಹೋದವರು, ಒದ್ದೆ ಗೋಣಿಯಲ್ಲಿ ಸುತ್ತಿದ ನಾಲ್ಕು ಕಡ್ಡಿ ಹಿಡಿದುಕೊಂಡು ಬಂದರು.

"ಬರೋವಾಗ ವರವು ಕಾವಲ್ ಹಾದು ಬಂದೆ. ಆಚೆ ಕೆರೆ ಹಿಂದೆ, ನೀವು ಹೆಂಗಸ್ರು ಸೌದೆಗೆ ಹೋಗಲ್ಲ ನೋಡು, ಅಲ್ಲಿತ್ತು. ಏನು ಗಿಡ ಹೇಳು."

ಗಿಡ ಗುರುತು ಹಿಡಿಯುವುದೊಂದೇ ನನಗೆ ಬರುತ್ತಿದ್ದ ವಿದ್ಯೆ. ಊರಾಚೆಯ ಹುಲ್ಲುಗಾವಲಾದ ಆ ಕಾವಲಿಗೆ ಸಗಣಿ ಆರಿಸಲು, ಸೌದೆಗೆ ಹೋಗುತ್ತಿದ್ದ ಕಾಲದಲ್ಲಿ ಅಲ್ಲಿನ ಹುಲ್ಲು, ಸೊಪ್ಪು, ಮುಳ್ಳು ಎಲ್ಲದರ ಹೆಸರೂ ನನಗೆ ಗೊತ್ತಿತ್ತು. ಬೀದಿಯ ಸೊಸೆಯಂದಿರು ಯಾವುದೋ ಸೊಪ್ಪು ಹಿಡಿದು ನನ್ನ ಹತ್ತಿರ ಬರುತ್ತಿದ್ದರು, ತಿನ್ನಬಹುದೋ ಬಾರದೋ ಎಂದು ಕೇಳಲು. ಆ ಕಡ್ಡಿಯನ್ನೂ ತಿರುಗಿಸಿ ನೋಡಿದೆ. ಎಲೆಗಳು ಎದುರುಬದುರು, ಅಂಚಿಗೆ ಹಲ್ಲು, ಬುಡದಿಂದ ಮೂರು ನರ. ಸವರಿದರೆ ಹಸುವಿನ ನಾಲಿಗೆಯಂತೆ ತರಕು. ತುದಿಯಲ್ಲಿ ಬಾಡಿದ ಒಂದು ಹಳದಿ ಹೂ. ನಮ್ಮ ಹೊಲದ ಹುಚ್ಚೆಳ್ಳಿನ ಹೂವೇ, ಸ್ವಲ್ಪ ಚಿಕ್ಕದು. ತವರಿನಲ್ಲಿ ನಮ್ಮವ್ವ ಹುಚ್ಚೆಳ್ಳನ್ನು ತೆಲುಗಿನಲ್ಲಿ ವೆರ್ರಿ ನುವ್ವುಲು ಎನ್ನುತ್ತಿದ್ದಳು.

"ಇದು ಹುಚ್ಚೆಳ್ಳಿನ ಜಾತಿ. ಕಾಡು ಹುಚ್ಚೆಳ್ಳು" ಎಂದೆ.

"ಹೌದಾ? ನಿನಗೇ ಗೊತ್ತು ಬಿಡು" ಎಂದು ನಕ್ಕರು. ಆ ನಗುವನ್ನು ಆಗ ನಾನು ಮೆಚ್ಚುಗೆ ಎಂದು ತಿಳಿದೆ.

ಕಡ್ಡಿಯನ್ನು ಬಚ್ಚಲ ನೀರಿಗೆ ನೆಟ್ಟೆ. ನಮ್ಮ ಬಾವಿಯ ನೀರು ಉಪ್ಪು. ಅದೇ ಜಾಗದಲ್ಲಿ ಬಾಳೆ ಸತ್ತಿತ್ತು, ಕರಿಬೇವು ಸತ್ತಿತ್ತು. ಇದು ಮಾತ್ರ ತಾಯಿ ಮನೆಗೆ ಬಂದ ಮಗಳಂತೆ ಚಿಗುರಿತು. ಹುಚ್ಚೆಳ್ಳು ಬೀಜ ಕಟ್ಟಿದ ಮೇಲೆ ಒಣಗಿ ಹೋಗುತ್ತದೆ, ಇದು ಒಣಗಲಿಲ್ಲ. ಕಡ್ಡಿ ಬಾಗಿ ನೆಲ ಮುಟ್ಟಿದಲ್ಲಿ ಬೇರು ಬಿಡುತ್ತ ಹೋಯಿತು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬಂದಿತು ಕೂಡ. ಇದನ್ನು ಕಾವಲಿನಲ್ಲಿ ನಾನು ಒಂದು ದಿನವೂ ಕಂಡಿಲ್ಲವಲ್ಲ ಎಂದು ಕೇಳಿದೆ. "ಆಚೆ ಕೆರೆ ಹಿಂದೆ ಅಂದ್ನಲ್ಲ" ಎಂದರು. ಒಂದು ದಿನ ಹೋಗಿ ನೋಡಬೇಕೆಂದುಕೊಂಡೆ. ಅಷ್ಟರಲ್ಲಿ ಸರ್ಕಾರದವರು ಜಾಗ ತಗೊಂಡು ಕಾವಲಿಗೆ ಗೋಡೆ ಎದ್ದಿತು. ಕುರಿ ಮೇಯಿಸುವವರೇ ಒಳಗೆ ಹೋಗದಂತಾದ ಮೇಲೆ ಗಿಡ ಹುಡುಕುವ ಹೆಂಗಸನ್ನು ಯಾರು ಬಿಡುತ್ತಾರೆ? ನಮ್ಮ ಕಡೆ ಆಮೇಲೆ ಅದೇ ರೂಢಿಯಾಯಿತು. ಈಗ ಎಲ್ಲೂ ಕಾಣದ ಹುಲ್ಲು, ಹಕ್ಕಿ, ಸೊಪ್ಪು ಏನೇ ಇದ್ದರೂ ಕಾವಲಿನೊಳಗೆ ಐತೆ ಎನ್ನುವುದು. ಹೋಗಿ ನೋಡಿ ಇಲ್ಲ ಎನ್ನುವವರು ಯಾರೂ ಇಲ್ಲ. ನಾನೂ ಹಾಗೆಯೇ ನಂಬಿದೆ. ಕೇಳಿದವರಿಗೆಲ್ಲ ಕಡ್ಡಿ ಮುರಿದು ಕೊಟ್ಟೆ. ನಮ್ಮ ಬೀದಿಯ ಬಚ್ಚಲುಗಳ ಹಿಂದೆಲ್ಲ ಈಗ ಅದು ಇದೆ, ನಾನಿಟ್ಟ ಹೆಸರಿನಲ್ಲಿ.

ಹೋದ ವರ್ಷ ನಿಮ್ಮೆಲ್ಲರಿಗೂ ದೊಡ್ಡವಳಾದ ನಿಮ್ಮ ಅಕ್ಕನಿಗೆ ಚಳ್ಳಕೆರೆ ಕಾಲೇಜಿನಲ್ಲಿ ಗಿಡ ಒಣಗಿಸಿ ಹಾಳೆಗೆ ಅಂಟಿಸಿ ತರಲು ಹೇಳಿದರು. ಹಾಳೆಯ ಮೂಲೆಯಲ್ಲಿ ಗಿಡದ ಹೆಸರು, ಸಿಕ್ಕಿದ ಜಾಗ, ತಂದವರು ಯಾರು ಎಂದೆಲ್ಲ ಬರೆಯಬೇಕಂತೆ. ಅವಳು ಬಚ್ಚಲ ಹಿಂದಿನ ಟೊಂಗೆ ಕತ್ತರಿಸಿ, ಹಳೆಯ ಪೇಪರಿನ ನಡುವೆ ಇಟ್ಟು, ಮೇಲೆ ರುಬ್ಬುವ ಗುಂಡು ಹೇರಿದಳು. ಒಂದು ಹೂವನ್ನು ಬ್ಲೇಡಿನಿಂದ ಸೀಳಿ ನನಗೆ ತೋರಿಸಿದಳು.

"ಅಜ್ಜಿ, ಇದು ಒಂದು ಹೂವಲ್ಲ. ಒಳಗೆ ನೂರು ಹೂ ಐತೆ. ಸೇವಂತಿ, ಸೂರ್ಯಕಾಂತಿ ಎಲ್ಲ ಇದೇ ಮನೆತನ."

"ಹುಚ್ಚೆಳ್ಳೂ ಹಂಗೇ ಅಲ್ವಾ. ಬಡಿಯೋವಾಗ ಒಂದೊಂದು ಹೂವಿಗೆ ಇಪ್ಪತ್ತು ಮೂವತ್ತು ಕಾಳು" ಎಂದೆ.

"ಮೇಡಮ್ಮಿಗೆ ಇಷ್ಟು ಹೇಳಾಕೆ ಒಂದು ವಾರ ಬೇಕಾತು ಕಣಜ್ಜಿ" ಎಂದು ನಕ್ಕು, ನಾನು ಹೇಳಿದ ಹಾಗೆಯೇ ಬರೆದುಕೊಂಡಳು: ಕಾವಲ್ ಹುಚ್ಚೆಳ್ಳು, ವರವು ಕಾವಲ್, ತಂದವರು ಅಜ್ಜ.

ಮಾರನೆಯ ವಾರ ಕಾಲೇಜಿನಿಂದ ಬಂದವಳು ಚೀಲವನ್ನು ಕಟ್ಟೆಯ ಮೇಲೆ ಎಸೆದಳು. ಹಾಳೆಯ ಮೇಲೆ ಕೆಂಪು ಗೀಟು ಬಿದ್ದಿತ್ತು. ಮೇಡಂ ಮೊದಲು ಇದನ್ನು ಪಾರ್ಕಿನಲ್ಲಿ ನೆಡುವ ವಿದೇಶದ ಗಿಡ ಅಂದುಕೊಂಡರಂತೆ. ಆಮೇಲೆ ಎಲೆ ನೋಡಿ, ಅದರ ಎಲೆ ಮೂರು ಕವಲಾಗಿ ನುಣ್ಣಗಿರುತ್ತದೆ, ಇದು ತರಕು, ಇದು ಅದಲ್ಲ ಎಂದರಂತೆ. ಪುಸ್ತಕ ತೆಗೆದು, ಮಸೂರದಲ್ಲಿ ಬೀಜ ನೋಡಿ, ಕೊನೆಗೆ ಹೇಳಿದ್ದು: ಇದು ನಮ್ಮ ದೇಶದ್ದೇ, ಆದರೆ ಸಮುದ್ರ ದಂಡೆಯ ಗಿಡ. ಮರಳು, ಉಪ್ಪುಗಾಳಿ ಇರುವಲ್ಲಿ ತಾನಾಗಿ ಹಬ್ಬುತ್ತದೆ. ಈ ಬಯಲು ಸೀಮೆಯ ಹುಲ್ಲುಗಾವಲಿನಲ್ಲಿ ಹುಟ್ಟುವ ಮಾತೇ ಇಲ್ಲ.

"ಎಲ್ಲಿಂದಲೋ ತಂದು ಸುಳ್ಳು ಊರು ಬರೆದಿದ್ದೀಯ ಅಂತ ಎಲ್ರ ಮುಂದೆ ಅಂದ್ರು. ನೀನು ಹೇಳಿದ್ದನ್ನೇ ಬರೆದೆ ನಾನು" ಎಂದಳು. ಅವಳ ಕಣ್ಣು ತುಂಬಿತ್ತು.

ನನ್ನ ಮಾತಿನಿಂದ ಮಗು ಸುಳ್ಳುಗಾತಿ ಎನಿಸಿಕೊಂಡಳು. ನನಗೆ ಆ ಹೊತ್ತಿಗೆ ಅದಷ್ಟೇ ಹೊಳೆದದ್ದು. ನಿಮ್ಮಜ್ಜ ಯಾರಿಂದಲೋ ಇಸಿದುಕೊಂಡು ಬಂದಿರಬೇಕು, ಕೇಳಿದರೆ ಗೊತ್ತಾಗುತ್ತದೆ ಎಂದು ಸಮಾಧಾನ ಹೇಳಿದೆ. ಕೇಳಲು ಉಳಿದಿದ್ದವರು ಸಾಹೇಬರೊಬ್ಬರೇ.

ಭಾನುವಾರ ಒಂದು ಟೊಂಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ನಾವಿಬ್ಬರೂ ಚಳ್ಳಕೆರೆಗೆ ಬಸ್ಸು ಹತ್ತಿದೆವು. ಸಾಹೇಬರು ಈಗ ಲಾರಿ ಬಿಟ್ಟು, ಬಳ್ಳಾರಿ ರಸ್ತೆಯಲ್ಲಿರುವ ಮಗನ ಗ್ಯಾರೇಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಒಂದು ಕಣ್ಣಿಗೆ ಪೊರೆ ಬಂದಿದೆ. ನನ್ನ ದನಿ ಗುರುತು ಹಿಡಿದು, "ಆವೋ ಭಾಭಿ, ಕೂತ್ಕೊಳ್ಳಿ. ಏ ಚಾಯ್ ತರ್ಸು" ಎಂದು ಒಳಗೆ ಕೂಗಿದರು. ಟೊಂಗೆಯನ್ನು ಅವರ ಕೈಗೆ ಕೊಟ್ಟೆ. ಎಲೆಯನ್ನು ಹೆಬ್ಬೆರಳಿನಿಂದ ಸವರಿದರು. ಮುಖ ಅರಳಿತು.

"ಇದು ಇನ್ನೂ ಜಿಂದಾ ಐತಾ ಭಾಭಿ? ನಾನೇ ಚಾಕುದಲ್ಲಿ ಕತ್ತರಿಸಿ ಕೊಟ್ಟಿದ್ದು. ಗೋಣಿ ಒದ್ದೆ ಮಾಡಿ ಸುತ್ತಿದ್ವಿ. ಘಾಟಿ ಹತ್ತೋವಾಗ ರೇಡಿಯೇಟರಿಗೆ ನೀರು ಹಾಕಿದಾಗೆಲ್ಲ ಇದಕ್ಕೂ ಒಂದು ಚೊಂಬು."

"ಎಲ್ಲಿ ಕತ್ತರಿಸಿದ್ರಿ?" ಎಂದೆ.

"ಸಮುದ್ರದ ಪಕ್ಕ ಮರಳಲ್ಲಿ ಬಿದ್ದಿರ್ತದಲ್ಲ, ಅಲ್ಲೇ."

"ಯಾವ ಸಮುದ್ರ?"

"ಎಷ್ಟು ಸಮುದ್ರ ಐತೆ ಭಾಭಿ? ಕುಂದಾಪುರದ ಕಡೇದು."

ಅವರು ಖುಷಿಯಲ್ಲಿದ್ದರು. ಗೆಳೆಯನ ಮಾತಾಡಲು ಒಬ್ಬರು ಸಿಕ್ಕಿದರೆಂದು ಹೇಳುತ್ತಲೇ ಹೋದರು. ಪ್ಲಾಸ್ಟಿಕ್ ಕೋಟು ಬಂದು ತೀರ್ಥಹಳ್ಳಿಯಲ್ಲಿ ಕಂಬಳಿ ಕೇಳುವವರು ಕಡಿಮೆಯಾದ ವರ್ಷ, ಲಾರಿ ಹೇಗೂ ಕೆಳಗೆ ಹೋಗುತ್ತದೆ ಎಂದು ನಿಮ್ಮಜ್ಜನೂ ಘಾಟಿ ಇಳಿದರಂತೆ. ಮೀನು ದೋಣಿಯವರು ಇಡೀ ಹೊರೆಯನ್ನೇ ಕೊಂಡುಕೊಂಡರಂತೆ. ಆಮೇಲೆ ಪ್ರತಿ ವರ್ಷವೂ ಅಲ್ಲಿಗೇ. ಹತ್ತೋ ಹನ್ನೊಂದೋ ಬೇಸಿಗೆ.

"ನೀರಿಗೆ ಇಳೀತಿದ್ರಾ?" ಎಂದು ಕೇಳಿದೆ.

"ಇಳಿಯೋದೇನು ಭಾಭಿ, ಎಮ್ಮೆ ಥರಾ ಬಿದ್ದಿರ್ತಿದ್ದ. ಕರೆದ್ರೆ ಬರ್ತಿರ್ಲಿಲ್ಲ. ನಾನೇ ಹಾರ್ನ್ ಹೊಡೀಬೇಕಿತ್ತು." ನಕ್ಕರು. "ಮನೆಗೆ ಏನಾದ್ರೂ ತಗೊಂಡು ಹೋಗ್ಬೇಕು ಅಂದ. ಶಂಖ ತಗೋ ಅಂದೆ. ಬೇಡ, ಕಿವಿಗಿಟ್ರೆ ಮಾತಾಡ್ತದೆ ಅಂದ. ಒಣ ಮೀನು ಅಂದೆ. ವಾಸನೆ ಹೇಳ್ತದೆ ಅಂದ. ಈ ಗಿಡಕ್ಕೆ ಬಾಯಿಲ್ಲ, ಇದ್ ನೋಡಿದ್ರೆ ನಮ್ಮೋಳು ಹುಚ್ಚೆಳ್ಳು ಅಂತಾಳೆ ಅಂದ."

ನಾನು ಟೊಂಗೆಯನ್ನು ಅವರ ಕೈಯಿಂದ ತೆಗೆದುಕೊಂಡು ಮತ್ತೆ ಬಟ್ಟೆಯಲ್ಲಿ ಸುತ್ತಿದೆ. ಚಹಾ ಬಂದಿತು. ಸಾಹೇಬರು ಒಳ್ಳೆಯ ಕಣ್ಣನ್ನು ನನ್ನ ಕಡೆ ತಿರುಗಿಸಿ ಸ್ವಲ್ಪ ಹೊತ್ತು ನೋಡಿದರು. ಅವರ ದನಿ ಇಳಿಯಿತು.

"ಭಾಭಿ, ನಿಮಗೆ ಇನ್ನೂ ಯಾರೂ ಹೇಳಿಲ್ವಾ? ಅವನು ಹೇಳ್ತೀನಿ ಹೇಳ್ತೀನಿ ಅಂತಿದ್ದ. ನಿಮ್ ಮಗ ಪಿಯುಸಿ ಮುಗಿಸಿದ ವರ್ಷ ಜೊತೇಲಿ ಬಂದಿದ್ದ. ಅವತ್ತು ಅಂಗಳದಲ್ಲಿ ನೀವು ಅತ್ತ ಮೇಲೆ ಅವನಾದ್ರೂ ಹೇಳಿರ್ತಾನೆ ಅಂದ್ಕೊಂಡೆ."

ವಾಪಸು ಬರುವಾಗ ಬಸ್ಸಿನಲ್ಲಿ ನಿಮ್ಮ ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು. ಅವಳಿಗೆ ಹಗರಿಯ ಗಂಟಿನ ಕಥೆ ಗೊತ್ತಿತ್ತು. ನನಗೆ ಆ ಹೊತ್ತಿನಲ್ಲಿ ಅವರು ಸಮುದ್ರಕ್ಕೆ ಇಳಿದದ್ದು ಅಷ್ಟು ಚುಚ್ಚಲಿಲ್ಲ. ದುಡಿಮೆಗೆ ಹೋದವರು, ಎದುರಿಗೆ ನೀರು, ಬೇಸಿಗೆ, ಇಳಿದರು. ಮನೆಗೆ ಬಂದು ಇಳಿದೆ ಎಂದಿದ್ದರೆ ಎರಡು ದಿನ ಮುನಿಸಿಕೊಂಡು ಸುಮ್ಮನಾಗುತ್ತಿದ್ದೆ. ನಾನು ನೂತ ಉಣ್ಣೆ ಕೂಡ ಸಮುದ್ರ ನೋಡಿತ್ತು. ಚುಚ್ಚಿದ್ದು ಹುಚ್ಚೆಳ್ಳು. ನನಗೆ ಏನು ಗೊತ್ತು, ಎಲ್ಲಿಯವರೆಗೆ ಗೊತ್ತು ಎಂದು ಅವರು ಅಳೆದು ನೋಡಿದ್ದರು. ನನ್ನ ಒಂದೇ ವಿದ್ಯೆ ಎಲ್ಲಿಗೆ ಮುಗಿಯುತ್ತದೋ ಅಲ್ಲಿಂದ ಒಂದು ಗಿಡ ಆರಿಸಿ ತಂದು, ನನ್ನ ಬಾಯಿಂದಲೇ ಅದಕ್ಕೆ ಸುಳ್ಳು ಹೆಸರು ಇಡಿಸಿದರು. ಮತ್ತೆ ನಾದಿನಿಯ ವ್ಯಾನು ಹೊರಟಾಗ, ಐದಾರು ಸಲ ಸಮುದ್ರದಲ್ಲಿ ಮಿಂದು ಬಂದವರೇ, "ಆಮೇಲೆ ಇಬ್ರೇ ಹೋಗಾನ" ಎಂದು ನನ್ನನ್ನು ಉಳಿಸಿದರು.

ಸಾಯಂಕಾಲ ಎಣ್ಣೆ ಮಿಲ್ಲಿನಿಂದ ಬಂದ ಮಗನಿಗೆ ಊಟಕ್ಕಿಟ್ಟು ಕೇಳಿದೆ. ತಟ್ಟೆಯಲ್ಲಿ ಕೈ ನಿಂತಿತು.

"ಅಪ್ಪ ಹೇಳಬ್ಯಾಡ ಅಂದಿದ್ದ ಅವ್ವ. ತಲೆ ಮುಟ್ಟಿಸ್ಕಂಡು ಆಣೆ ಹಾಕಿಸ್ಕಂಡಿದ್ದ."

"ಅಪ್ಪ ಹೋಗಿ ಆರು ವರ್ಷ ಆತಲ್ಲ."

"ಆಮೇಲೆ ಹೇಳಿ ಏನು ಮಾಡದು? ನೀನು ಅದನ್ನೇ ಎಲ್ರ ಹತ್ರ ಹೇಳ್ಕಂಡು ಸಮಾಧಾನ ಆಗಿದ್ದೆ. ಇರಲಿ ಬಿಡು ಅಂತ."

"ಅಂಗಳದಾಗೆ ನಾನು ಅಳೋವಾಗ ನೀನು ಅಲ್ಲೇ ಇದ್ದೆ."

ನಾನು ಸಾರು ಬಡಿಸಿದೆ. ಅವನು ಬೇಡ ಎಂದು ಕೈ ಅಡ್ಡ ಹಿಡಿಯಲೂ ಇಲ್ಲ, ಉಣ್ಣಲೂ ಇಲ್ಲ.

ಹಾಳೆಯ ಕಥೆ ಬೇಗ ಮುಗಿಯಿತು. ನಿಮ್ಮ ಅಕ್ಕ ಸರಿಯಾದ ಊರು ಬರೆದು, ಅಜ್ಜ ಲಾರಿಯಲ್ಲಿ ತಂದದ್ದು ಎಂದು ಕೆಳಗೆ ಸೇರಿಸಿ ಕೊಟ್ಟಳು. ಮೇಡಂ ತಾವು ಅಂದ ಮಾತಿಗೆ ನೊಂದುಕೊಂಡು, ಉಪ್ಪು ಬಾವಿ ನೀರಿನಲ್ಲಿ ಬದುಕಿದೆಯೆಂದು ಆಶ್ಚರ್ಯಪಟ್ಟು, ತರಗತಿಗೆಲ್ಲ ತೋರಿಸಿದರಂತೆ.

ಸಂಕ್ರಾಂತಿ ಕಳೆದ ಮೇಲೆ ಮಗ ರಜೆ ಹಾಕಿ, ನನ್ನನ್ನೂ ನಿಮ್ಮ ಅಕ್ಕನನ್ನೂ ಕುಂದಾಪುರದ ಕಡೆಗೆ ಕರೆದುಕೊಂಡು ಹೋದ. ಬರುವುದಿಲ್ಲ ಎನ್ನಲು ನನ್ನ ಹತ್ತಿರ ಯಾವ ಕಾರಣವೂ ಉಳಿದಿರಲಿಲ್ಲ. ಆಟೋ ಇಳಿದು ತೆಂಗಿನ ಮರಗಳ ನಡುವೆ ನಡೆದೆವು. ನಾನು ಮೊದಲು ಕಂಡದ್ದು ಸಮುದ್ರವಲ್ಲ, ಗಿಡ. ಮರಳಿನ ದಿಬ್ಬದ ಉದ್ದಕ್ಕೂ ಒಂದರ ಮೇಲೊಂದು ಬಿದ್ದು ಹಬ್ಬಿತ್ತು. ಅದೇ ತರಕು, ಅದೇ ಮೂರು ನರ, ಅದೇ ಹಳದಿ. ಅಲ್ಲೇ ಮೀನು ಒಣಹಾಕುತ್ತಿದ್ದ ಹೆಂಗಸನ್ನು ಇದಕ್ಕೇನು ಹೆಸರು ಎಂದು ಕೇಳಿದೆ. "ಅದಕ್ಕೆಂತ ಹೆಸ್ರು ಅಮ್ಮ, ಸುಮ್ನೆ ಹುಟ್ಟುದು" ಎಂದಳು. ನಮ್ಮೂರಿನ ಹತ್ತು ಮನೆಗೆ ನಾನು ಹೆಸರಿಟ್ಟು ಹಂಚಿದ ಗಿಡ.

"ಇಳಿ ಅವ್ವ, ನಾನು ಹಿಡ್ಕಂತೀನಿ" ಎಂದ ಮಗ. ನಾನು ಇಳಿಯಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಿಡದ ಪಕ್ಕ ಮರಳಲ್ಲಿ ಕೂತೆ. ಸಮುದ್ರ ದೊಡ್ಡದಿತ್ತು. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. ಅವರು ಎಲ್ಲಿ ನಿಲ್ಲುತ್ತಿದ್ದರೋ, ಸಾಹೇಬರು ಎಲ್ಲಿಂದ ಹಾರ್ನ್ ಹೊಡೆಯುತ್ತಿದ್ದರೋ ಎಂದೇ ನೋಡುತ್ತಿದ್ದೆ. ಗಂಟು ಹಾಕಲು ಬೇಕಾದ ಇನ್ನೊಂದು ತುದಿ ನಾನು ಬರುವ ಎಷ್ಟೋ ವರ್ಷ ಮೊದಲೇ ಅಲ್ಲಿ ಒದ್ದೆಯಾಗಿ ಹೋಗಿತ್ತು.

ಊರಿಗೆ ಬಂದ ಮಾರನೆಯ ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದೆ. ಪಕ್ಕದ ಮನೆಯವಳು ಗೋಡೆಯ ಮೇಲಿನಿಂದ ಇಣುಕಿದಳು.

"ಎರಡು ದಿನ ಕಾಣ್ಲೇ ಇಲ್ಲ, ಎಲ್ಲಿಗೋಗಿದ್ದೆ ಅಕ್ಕಾ?"

"ದಾವಣಗೆರೆಗೆ. ಮಗಳ ಮನೆಗೆ."

"ಹೇಳಿದ್ರೆ ನಾನೂ ಬರ್ತಿದ್ನಲ್ಲ, ನನ್ ಕಂಡ್ರೆ ಅಷ್ಟು ಭಯಾನಾ? ಹೋಗ್ಲಿ, ನಮ್ಮನೇದು ಮೇಕೆ ಮೇದೈತೆ, ಈ ಗಿಡದ್ದು ಎರಡು ಕಡ್ಡಿ ಕೊಡು. ಸೊಸೆ ತವರಿಗೆ ಬೇಕಂತೆ. ಎಲ್ಲೀದು ಅಂತ ಕೇಳಿದ್ರೆ ಏನು ಹೇಳಲಿ?"

ನಾನು ಟೊಂಗೆ ಮುರಿಯುತ್ತ, ತಲೆ ಎತ್ತದೆ ಹೇಳಿದೆ: "ವರವು ಕಾವಲ್‌ದು. ಆಚೆ ಕೆರೆ ಹಿಂದೆ ಇತ್ತಂತೆ."

ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಎಷ್ಟೋ ವರ್ಷ ಬೀದಿ ನಲ್ಲಿಯ ಮುಂದೆ ಹೆಮ್ಮೆಯಿಂದ ಕೊಡ ಎತ್ತಿಕೊಂಡು ಬಂದವಳು, ಈಗ ಅವಳ ಮುಂದೆ ಮೋಸ ಹೋದವಳಾಗಿ ನಿಲ್ಲಲಾರೆನೆಂದು ಆ ಮಾತು ತಾನಾಗಿ ಬಂದಿತು. ನಿಮ್ಮಜ್ಜನಿಗೂ ಮೊದಲ ದಿನ ಹೀಗೆಯೇ ಬಂದಿರಬೇಕು. ಹಾಗೆಂದು ಅವರನ್ನು ಕ್ಷಮಿಸಿದೆ ಎಂದಲ್ಲ. ಅಷ್ಟು ಸಲೀಸಾಗಿ ಬರುವ ಮಾತನ್ನು ಅವರು ಹತ್ತು ವರ್ಷ ನಿಲ್ಲಿಸಲಿಲ್ಲ ಎಂಬುದು ಈಗ ಇನ್ನೂ ಹೆಚ್ಚು ನೋಯುತ್ತದೆ.

ನಿಮ್ಮ ಅಕ್ಕ ಬಚ್ಚಲ ಬಾಗಿಲಲ್ಲಿ ಮುಖ ತೊಳೆಯುತ್ತ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು. ನನ್ನ ಮುಖ ನೋಡಿದಳು, ಏನೂ ಅನ್ನದೆ ಟವೆಲ್ ಎತ್ತಿಕೊಂಡು ಒಳಗೆ ಹೋದಳು. ಅಂಗಳದಲ್ಲಿ ನನ್ನ ಮಗ ತಲೆ ತಗ್ಗಿಸಿ ನಿಂತದ್ದೂ ಹಾಗೆಯೇ, ಸಾಹೇಬರು ಟೋಪಿ ತಿರುಗಿಸಿದ್ದೂ ಹಾಗೆಯೇ. ಅವಳಿಗೂ ಅದನ್ನು ಕಲಿಸುತ್ತಿದ್ದೇನೆ ಎನಿಸಿ, ಅವತ್ತೇ ಅವಳ ಹತ್ತಿರ ಒಂದು ಬರೆಯದ ನೋಟ್‌ಬುಕ್ ಕೇಳಿ ಇಸಿದುಕೊಂಡೆ.

ಕಡ್ಡಿ ಕೇಳಿಕೊಂಡು ಜನ ನಿಮ್ಮ ಹತ್ತಿರವೂ ಬರುತ್ತಾರೆ. ಗಿಡ ಚೆನ್ನಾಗಿದೆ, ಕೊಡಿ. ಊರು ಮಾತ್ರ ಸರಿಯಾಗಿ ಹೇಳಿ.